ಬೋಗುಣಿಯಲ್ಲಿ ನೇರಳೆ ನೀರು

ಕಾರ್ತಿಕ ಮಾಸ. ಸಾದಲಿ ಕಡೆಯ ತೋಟಗಳ ಮೇಲಿನ ಮಂಜು ಇನ್ನೂ ಸರಿದಿರಲಿಲ್ಲ. ಡೇರಿಗೆ ಹಾಲು ಹಾಕಿ ಬರುವವರ ಖಾಲಿ ಕ್ಯಾನುಗಳು ಬೀದಿಯಲ್ಲಿ ಸದ್ದು ಮಾಡುತ್ತಿದ್ದ ಹೊತ್ತು. ಅಮ್ಮಾಜಮ್ಮನ ಮನೆಯಲ್ಲಿ ಜಗಳ ಹುಟ್ಟಿದ್ದು ಆಗ, ಒಂದು ಸೀಸೆ ಇಂಕಿನಿಂದ.

ಕಿರಿಸೊಸೆ ಕವಿತ ಚಿಕ್ಕಬಳ್ಳಾಪುರದ ಒಂದು ಶಾಲೆಯಲ್ಲಿ ಟೀಚರು, ದಿನವೂ ಬಸ್ಸಿನಲ್ಲಿ ಹೋಗಿಬರುವವಳು. ಬಾಲ್‌ಪೆನ್ನು ಒತ್ತಿ ಒತ್ತಿ ಬೆರಳು ನೋಯುತ್ತದೆಂದು ಇಂಕ್ ಪೆನ್ನು ಕೊಂಡಿದ್ದಳು. ನೀಲಿ ಬರೆದು ಬರೆದು ಬೇಸರವಾಗಿ ಈಗ ನೇರಳೆ ಇಂಕು ತಂದಿದ್ದಳು. ದಿನದ ಬರವಣಿಗೆಗೆ ಇದು ಒಗ್ಗುತ್ತದೋ ಇಲ್ಲವೋ ನೋಡೋಣವೆಂದು ಪಡಸಾಲೆಯಲ್ಲಿ ಕೂತು ಸಿಕ್ಕಿದ ಕಾಗದದ ಮೇಲೆಲ್ಲ ಬರೆದಳು. ದಪ್ಪ ಹಾಳೆಯಲ್ಲಿ ಅಕ್ಷರ ಚೆನ್ನಾಗಿ ಕೂತಿತು. ಅಂಗಡಿ ಚೀಟಿಯ ತೆಳು ಕಾಗದದಲ್ಲಿ ಹರಡಿ ಹಿಂಬದಿಗೆ ಇಳಿಯಿತು. ಕೊನೆಗೆ ಗೋಡೆಯ ಕ್ಯಾಲೆಂಡರಿನ ಮೇಲೆ ‘ಎರಡನೇ ಜ್ವರ’ ಎಂದು ಬರೆದಳು. ರೇಷ್ಮೆಹುಳು ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ ಮಲಗುತ್ತದಲ್ಲ, ಅದಕ್ಕೆ ಆ ಕಡೆ ಜ್ವರ ಅಂತಲೇ ಹೇಳುವುದು.

ತಪ್ಪಾದದ್ದು ಅಲ್ಲಿ. ಆ ಕ್ಯಾಲೆಂಡರಿನಲ್ಲಿ ಹುಳುವಿನ ಲೆಕ್ಕ ಬರೆಯುತ್ತಿದ್ದವಳು ಹಿರಿಸೊಸೆ ಶೋಭಾರಾಣಿ.

“ಇದ್ಯಾರಮ್ಮ ನನ್ನ ಕ್ಯಾಲೆಂಡರ್ ಮೇಲೆ ಬದನೆಕಾಯಿ ಜಜ್ಜಿರೋದು?”

“ನಾನೇ ಅಕ್ಕ. ಚೆನ್ನಾಗಿ ಕಾಣ್ತದಲ್ಲ? ಇನ್ಮೇಲೆ ಎಲ್ಲಾ ಇದ್ರಲ್ಲೇ ಬರೆಯೋಣ ಅಂತ.”

“ಆಫೀಸರ್ರು ಹಸಿರಲ್ಲಿ ಬರೀತಾರೆ, ಮೇಷ್ಟ್ರು ಕೆಂಪಲ್ಲಿ ಬರೀತಾರೆ. ಬದನೆಕಾಯೀಲಿ ಬರೆಯೋ ಮಹಾರಾಣಿ ನಮ್ಮನೇಗೇ ಬರಬೇಕಾಗಿತ್ತಾ!”

“ನೀಲಿಯಲ್ಲಿ ಬರೆದೋರು ಏನು ಕಡಿದು ಕಟ್ಟೆ ಹಾಕಿದಾರೆ ಅಂತ ನೋಡ್ತಾನೇ ಇದೀನಿ ಬಿಡಕ್ಕ.”

ಅಮ್ಮಾಜಮ್ಮ ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದಳು. ಆ ಬಣ್ಣ ಅವಳಿಗೂ ಹಿಡಿಸಲಿಲ್ಲ, ಸೊಸೆಯರ ಮಾತೂ ಹಿಡಿಸಲಿಲ್ಲ. ಆದರೂ ತಲೆ ಎತ್ತಲಿಲ್ಲ. ಗಂಡ ರಾಮಾಂಜಿನಪ್ಪ ತೀರಿಕೊಂಡ ಮೇಲೆ ಅವಳು ಹಿಡಿದು ಕೂತದ್ದು ಒಂದೇ ಹಟ: ಮಕ್ಕಳಿಬ್ಬರೂ ಒಂದೇ ಒಲೆಯ ಅನ್ನ ಉಣ್ಣಬೇಕು. ಆ ಒಲೆ ಒಡೆಯಬಹುದಾದ ಮಾತು ಯಾವುದಿದ್ದರೂ ಅದನ್ನು ಬಿಸಿ ತುತ್ತಿನ ಹಾಗೆ ನುಂಗಿಬಿಡುತ್ತಿದ್ದಳು.

ಆದರೆ ಇಂಕು ಸೀಸೆಯೊಳಗೆ ಸುಮ್ಮನಿರಲಿಲ್ಲ. ಆ ಪೆನ್ನು ಸ್ವಲ್ಪ ಸೋರುತ್ತಿತ್ತು. ಕವಿತಳ ಬೆರಳ ತುದಿಗಳು ದಿನವೂ ನೇರಳೆ. ಬಸ್ಸಿಗೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ, ಹುಳುಮನೆಯಲ್ಲಿ ಸೊಪ್ಪು ಹಾಕುವುದು ಅವಳ ಪಾಲಿನ ಕೆಲಸ.

“ರೀ, ನಿಮ್ಮ ತಮ್ಮನ ಹೆಂಡ್ತಿ ಮೈಲುತುತ್ತದಂಥ ವಿಷದ ಕೈಯಲ್ಲಿ ಹುಳಕ್ಕೆ ಸೊಪ್ಪು ಹಾಕ್ತಾವ್ಳೆ. ಬೆಳೆ ಹೋದ್ರೆ ನನ್ನ ಕೇಳ್ಬೇಡಿ,” ಎಂದು ಶೋಭಾರಾಣಿ ಗಂಡನ ಕಿವಿ ಕಚ್ಚಿದಳು.

ಹಿರಿಮಗ ಮೋಹನ್‌ಬಾಬು ಮುಂಗೋಪಿ. “ಬಣ್ಣದ ಕೈಯೋರು ಯಾರೂ ಹುಳುಮನೆ ಹೊಸಲು ದಾಟಬಾರ್ದು,” ಎಂದು ಅಂಗಳದಲ್ಲೇ ಕೂಗಿದ.

ಹುಳುಮನೆಯ ಬಾಗಿಲಲ್ಲಿ ಒಂದು ಬಿಳಿ ಬೋಗುಣಿ. ಅದರ ತುಂಬ ಬ್ಲೀಚಿಂಗ್ ಪೌಡರ್ ಕದಡಿದ ನೀರು. ಒಳಗೆ ಹೋಗುವವರೆಲ್ಲ ಅದರಲ್ಲಿ ಕೈ ಅದ್ದಲೇಬೇಕು, ಹುಳುವಿಗೆ ರೋಗ ತಗಲಬಾರದಲ್ಲ. ಅಮ್ಮಾಜಮ್ಮನ ಅತ್ತೆಯ ಕಾಲದಲ್ಲಿ ಅದು ಸುಣ್ಣದ ತಿಳಿ ಆಗಿತ್ತು. ಮಲ್ಲಿಗೆ ಮುಡಿದವಳನ್ನೂ ಆ ಮುದುಕಿ ಒಳಗೆ ಬಿಡುತ್ತಿರಲಿಲ್ಲ. ಕವಿತ ಬೋಗುಣಿಯಲ್ಲಿ ಕೈ ಅದ್ದಿ ಉಜ್ಜಿದಳು. ನೇರಳೆ ಬಣ್ಣ ನೀರಿಗೆ ಬಿಟ್ಟುಕೊಂಡಿತು, ನೋಡನೋಡುತ್ತ ಪೌಡರು ಅದನ್ನು ನುಂಗಿಹಾಕಿತು. ನೀರೂ ಬಿಳಿ, ಬೆರಳೂ ಬಿಳಿ.

“ಭಾವ, ನೋಡಿ. ಎಲ್ಲಿದೆ ಬಣ್ಣ? ಅಕ್ಕನಿಗೆ ಕಣ್ಣು ತೋರಿಸ್ಕೊಂಡು ಬರಕ್ಕೆ ಹೇಳಿ.”

ಕೂಲಿಗೆ ಬಂದಿದ್ದ ಕದಿರಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಮೋಹನ್‌ಬಾಬು ಹೆಂಡತಿಯ ಕಡೆಗೇ ತಿರುಗಿ, “ನಿನ್ನ ಚಾಡಿ ಕೇಳ್ಕೊಂಡು ನಾನು ಮಂಗ ಆದೆ,” ಅಂದ. ಶೋಭಾರಾಣಿಯ ಮುಖ ಸುಟ್ಟ ಬದನೆಕಾಯಿಯೇ ಆಯಿತು. ದಿನವೂ ಇದೇ ನಡೆಯಿತು. ಕವಿತ ಬರುವುದು, ಎಲ್ಲರ ಎದುರು ಕೈ ಅದ್ದುವುದು, ಬೆರಳು ಬಿಡಿಸಿ ಅಕ್ಕನಿಗೆ ತೋರಿಸುವುದು. ಅವಳಲ್ಲೂ ಸ್ವಲ್ಪ ವಿಷ ಇತ್ತು, ಇಲ್ಲವೆಂದರೆ ಸುಳ್ಳು.

ಹುಳು ನಾಲ್ಕನೇ ಜ್ವರ ಎದ್ದು ಸೊಪ್ಪಿಗೆ ಬಿದ್ದವು. ಮಳೆ ಬಂದ ಹಾಗೆ ತಿನ್ನುವ ಸದ್ದು ಕೇಳಬೇಕಾದ ದಿನಗಳು. ಒಂದು ಬೆಳಿಗ್ಗೆ ಅಮ್ಮಾಜಮ್ಮ ಹೋಗಿ ನಿಂತರೆ ಸದ್ದೇ ಇಲ್ಲ. ಹುಳು ಊದಿಕೊಂಡು ತಟ್ಟೆಯ ಅಂಚಿಗೆ ಹರಿದಾಡುತ್ತಿದ್ದವು. ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ರಸ. ಹಾಲುತೊಂಡೆ ರೋಗ. ಒಂದು ತಟ್ಟೆಯಲ್ಲ, ಮನೆ ತುಂಬ.

ಶೋಭಾರಾಣಿಯ ಕೂಗು ಬೀದಿಗೆ ಕೇಳಿಸಿತು. “ಬನ್ರೋ, ಬಂದು ನೋಡ್ರೋ! ನಾನು ಬಡ್ಕೊಂಡೆ, ಯಾರೂ ಕೇಳ್ಲಿಲ್ಲ!” ಕವಿತಳ ರೆಟ್ಟೆ ಹಿಡಿದು ಎಳೆದು ತಂದು ಬೋಗುಣಿಯ ಮುಂದೆ ನಿಲ್ಲಿಸಿದಳು. “ಅದ್ದೇ, ಅದ್ದು ಕೈನ! ಎಲ್ರೂ ನೋಡ್ಲಿ!”

ಕವಿತ ಅದ್ದಿದಳು. ನೀರು ನೇರಳೆಯಾಯಿತು. ನೇರಳೆಯಾಗಿಯೇ ಉಳಿಯಿತು. ಕೈ ಎತ್ತಿದರೆ ಬೆರಳೂ ನೇರಳೆ.

“ನೋಡಿದ್ರಾ ವಿಷನ! ಇದನ್ನೇ ಸೊಪ್ಪಿಗೆ ಸವರಿ ಹುಳಕ್ಕೆ ತಿನ್ಸಿದ್ಳು!”

ಮೋಹನ್‌ಬಾಬು ಹಲ್ಲು ಕಡಿದ. “ರಮೇಶ, ನಿನ್ನ ಹೆಂಡ್ತಿನ ಇವತ್ತೇ ಅವರಪ್ಪನ ಮನೇಗೆ ಬಿಟ್ಟು ಬಾ. ಇಲ್ಲಾ ನಾನೇ ಸಾಮಾನು ಬೀದಿಗೆ ಎಸೀತೀನಿ.”

ರಮೇಶ್‌ಬಾಬು ಸತ್ತ ಹುಳುಗಳನ್ನು ನೋಡಿಕೊಂಡು ನಿಂತಿದ್ದ.

ಅಮ್ಮಾಜಮ್ಮ ಮಾತ್ರ ಬೋಗುಣಿಯನ್ನೇ ನೋಡುತ್ತಿದ್ದಳು. ಬಣ್ಣ ಯಾಕೆ ಸಾಯಲಿಲ್ಲ? ಬಗ್ಗಿ ಮೂಸಿದಳು. ಮೂಗಿಗೆ ಹೊಡೆಯಬೇಕಾದ ಪೌಡರಿನ ಘಾಟೇ ಇಲ್ಲ, ಬರೀ ಬಾವಿ ನೀರು. ಮಾತಾಡಿದರೆ ಹಿರಿಯವನು ಮುರಿದುಕೊಳ್ಳುತ್ತಾನೆ, ಸುಮ್ಮನಿದ್ದರೆ ಕಿರಿಯವಳು ಹೊರಗೆ. ಯಾವ ಕಡೆಯಿಂದಲೂ ಒಲೆಗೇ ಪೆಟ್ಟು. ಅವಳು ಒಳಗೆ ಹೋಗಿ ಪೌಡರಿನ ಡಬ್ಬ ತಂದು, ಒಂದು ಹಿಡಿ ಬೋಗುಣಿಗೆ ಸುರಿದು ಕೋಲಿನಿಂದ ಕದಡಿದಳು. ಎಲ್ಲರ ಕಣ್ಣೆದುರೇ ನೇರಳೆ ನೀರು ಬೆಳ್ಳಗಾಯಿತು.

“ದಿನಾ ಬೆಳಿಗ್ಗೆ ಬೋಗುಣಿ ತುಂಬ್ಸೋರು ಯಾರಮ್ಮ?” ಎಂದು ಕೇಳಿದಳು.

ಯಾರೂ ಹೇಳಬೇಕಾಗಿರಲಿಲ್ಲ. ಅದು ಹಿರಿಸೊಸೆಯ ಕೆಲಸ.

“ಶೋಭಾ,” ಮೋಹನ್‌ಬಾಬುವಿನ ದನಿ ಇಳಿದಿತ್ತು, “ಪೌಡರ್ ಹಾಕ್ತಿರ್ಲಿಲ್ವಾ?”

ಶೋಭಾರಾಣಿ ಆ ಕಡೆ ಈ ಕಡೆ ನೋಡಿದಳು. ಆಮೇಲೆ ಕೆಂಡ ಕಾರಿದಳು. “ಹೂಂ, ಹಾಕ್ಲಿಲ್ಲ! ಮೂರನೇ ಜ್ವರದಿಂದ ದಿನಾ ಕಮ್ಮಿ ಮಾಡ್ತಾ ಬಂದೆ, ಇವತ್ತು ಒಂದು ಚಿಟಿಕೇನೂ ಹಾಕಿಲ್ಲ! ದಿನಾ ನನ್ನ ಮುಂದೆ ಕೈ ತೊಳ್ಕೊಂಡು, ಬೆರಳು ಆಡಿಸಿ ಆಡಿಸಿ ತೋರಿಸ್ತಿದ್ಳಲ್ಲ? ನೀವೂ ನನ್ನೇ ಮಂಗನ್ನ ಮಾಡಿದ್ರಿ. ಅವಳ ಕೈಬಣ್ಣ ನಿಮ್ಗೆಲ್ಲಾ ಕಾಣ್ಲಿ ಅಂತಾನೇ ಬಿಟ್ಟೆ. ಹುಳಕ್ಕೆ ಹಿಂಗಾಗ್ತದೆ ಅಂತ ನಂಗೇನು ಗೊತ್ತು?”

ಎದುರು ಬರುವವರಿಗೆ ಅಪಶಕುನವಾಗಲಿ ಎಂದು ಮೂಗು ಕೊಯ್ದುಕೊಂಡವರ ಗಾದೆಯನ್ನು ಅಮ್ಮಾಜಮ್ಮ ಚಿಕ್ಕಂದಿನಿಂದ ಕೇಳಿದ್ದಳು. ಮೂಗು ಕೊಯ್ದುಕೊಂಡವರನ್ನು ಕಂಡದ್ದು ಅವತ್ತೇ.

ತೋಟದ ಮೂಲೆಯಲ್ಲಿ ಗುಂಡಿ ತೆಗೆದು ಹುಳು ಸುರಿದು ಸುಣ್ಣ ಹಾಕಿ ಮುಚ್ಚಿದರು. ಮಣ್ಣು ಎಳೆದದ್ದು ಸೊಸೆಯರಿಬ್ಬರೇ, ಒಬ್ಬರ ಮುಖ ಒಬ್ಬರು ನೋಡದೆ. ಮೋಹನ್‌ಬಾಬು ಕವಿತಳಿಗೆ ತಪ್ಪಾಯ್ತು ಅನ್ನಲಿಲ್ಲ. ಶೋಭಾರಾಣಿಯಂತೂ ಅನ್ನುವವಳೇ ಅಲ್ಲ.

ಸಂಜೆ ಅಮ್ಮಾಜಮ್ಮ ಕವಿತಳ ಪಕ್ಕ ಬಂದು ಕೂತಳು. ಒಲೆ ಉಳಿಸುವ ದಾರಿ ಅವಳಿಗೆ ಒಂದೇ ಕಂಡಿತ್ತು.

“ಅಮ್ಮಣ್ಣೀ, ಆ ಬಣ್ಣ ಒಂದು ಬಿಟ್ಬಿಡಮ್ಮ. ನೀಲೀಲೇ ಬರಕೋ. ಅವಳ ಕಣ್ಣಿಗೆ ಬೀಳದಿದ್ರೆ ಎಲ್ಲಾ ಸರಿಹೋಗ್ತದೆ.”

ಕವಿತ ಪೆನ್ನಿನ ಮುಚ್ಚಳ ಹಾಕಿದಳು. “ಅತ್ತೆ, ಪೌಡರ್ ಹಾಕ್ದೆ ಇದ್ದೋರು ಅವರು. ಬಿಡಬೇಕಾದೋಳು ನಾನಾ?”

“ನೀನು ಓದಿದೋಳು, ಸ್ವಲ್ಪ ಬಗ್ಗಿದ್ರೆ…”

“ನನ್ನ ಬೆರಳು ತೋರ್ಸಕ್ಕೆ ಒಂದು ಮನೆ ಹುಳ ಕೊಂದೋರು ಅವರು. ನಾಳೆ ನನ್ನ ಸಾರಿಗೆ ಏನೂ ಹಾಕಲ್ಲ ಅಂತ ಏನು ಗ್ಯಾರಂಟಿ? ನಂಗೆ ಅಷ್ಟು ಬಗ್ಗಕ್ಕೆ ಬರಲ್ಲ ಅತ್ತೆ.”

ಅಮ್ಮಾಜಮ್ಮ ಬಾಯಿ ತೆರೆದಳು. ಜೀವಮಾನವೆಲ್ಲ ಮಾತು ನುಂಗಿದವಳಿಗೆ, ಬೇಕಾದಾಗ ಒಂದೂ ಸಿಗಲಿಲ್ಲ.

ಕವಿತ ಹೋದದ್ದು ಗುರುವಾರ, ಚಿಕ್ಕಬಳ್ಳಾಪುರದ ಮೊದಲ ಬಸ್ಸಿಗೆ, ಬಟ್ಟೆಬರೆಯ ಜೊತೆ ಇಂಕಿನ ಸೀಸೆಯನ್ನೂ ಬ್ಯಾಗಿಗೆ ಹಾಕಿಕೊಂಡು. ರಮೇಶ್‌ಬಾಬು ಭಾನುವಾರ ತನ್ನ ಬಟ್ಟೆ ಕಟ್ಟಿಕೊಂಡು ಅವಳ ಹಿಂದೆ ಹೋದ.