ಫ್ಯೂಸಿನ ಜಾಗದ ತಾಮ್ರ

ತಿಕೋಟಾ ಬಸ್ಸಿನ ಕಿಟಕಿ ಗಾಜು ಗಿರ್ರೆಂದು ನಡುಗುತ್ತಿದೆ, ಸಂಗನಬಸವ ಅಂಗೈ ಒತ್ತಿ ಹಿಡಿದ, ಸುಮ್ಮನಾಯಿತು, ಕೈ ತೆಗೆದರೆ ಮತ್ತೆ ಅದೇ ಸದ್ದು — ಆ ಇನ್ವರ್ಟರ್ ಡಬ್ಬಿಯೂ ಹೀಗೇ ಗುಂಯ್‌ಗುಡುತ್ತಿತ್ತು, ಇಬ್ರಾಹಿಂಪುರದ ಅವನ ಅಂಗಡಿಯಲ್ಲಿ, ಬ್ಯಾಟರಿಯ ಒಂದೇ ದಿಕ್ಕಿನ ಕರೆಂಟನ್ನು ಎರಡು ಟ್ರಾನ್ಸಿಸ್ಟರು ಸರದಿಯಂತೆ ಅತ್ತ ಇತ್ತ ಹೊರಳಿಸುವುದು, ಸೆಕೆಂಡಿಗೆ ಐವತ್ತು ಸಲ, ಟ್ರಾನ್ಸ್‌ಫಾರ್ಮರು ಅದನ್ನು ಏರಿಸಿ ಫ್ಯಾನಿಗೆ ಕೊಡುವುದು, ಇಪ್ಪತ್ತು ವರ್ಷದಿಂದ ಮಾಡುತ್ತ ಬಂದ ಕೆಲಸ, ಆದರೆ ಮೊನ್ನೆ ಹಾಕಿದ ಫ್ಯೂಸೆಲ್ಲ ಹಾರಿಹೋಗಿ, ಬೇಸತ್ತು, ಪರೀಕ್ಷೆ ಮುಗಿಯುವವರೆಗೆ ಇರಲಿ ಎಂದು ಆ ಜಾಗದಲ್ಲಿ ಮೂರೆಳೆ ತಾಮ್ರ ಹೆಣೆದು ಬಿಗಿದ, ದೋಷ ಸಿಕ್ಕಿತು, ಫ್ಯಾನು ತಿರುಗಿತು, ಆ ಖುಷಿಯಲ್ಲಿ ಮುಚ್ಚಳದ ಸ್ಕ್ರೂ ತಿರುವಿ ಹಾಜಿರಾಬಿಯ ಕೈಗೆ ಕೊಟ್ಟೇಬಿಟ್ಟ — ಅದಕ್ಕೆಂದೇ ತೆಗೆದಿಟ್ಟ ಫ್ಯೂಸು ಇವತ್ತು ಬೆಳಿಗ್ಗೆ ಮೇಜಿನ ಮೇಲೆ ಕಂಡಿತು.

ಹಾಜಿರಾಬಿ ತಿಕೋಟಾದ ಹೊಲಿಗೆಯವಳು, ಲಕ್ವಾ ಹೊಡೆದ ಅಪ್ಪನ ಮಂಚದ ಕೆಳಗೇ ಡಬ್ಬಿ ಇಟ್ಟಿದ್ದಾಳೆ, ಸುತ್ತ ಬಟ್ಟೆಯ ಚೂರು, ಎಂಟು ಗಂಟೆಗೆ ಫೋನ್ ಮಾಡಿದಾಗ ಅದರ ಪಕ್ಕದಲ್ಲೇ ಕೂತಿದ್ದಳು, ನಿಮ್ಮ ಡಬ್ಬಿ ಬಂದಾಗಿಂದ ಅಬ್ಬಾಗ ಗಾಳಿ ನಿಂತಿಲ್ಲರಿ ಸಂಗಣ್ಣ, ಯಾಕ್ರಿ ಫೋನ್ ಮಾಡಿದ್ರಿ, ಏನಿಲ್ಲರಿ ಅಕ್ಕಾರ, ಆ ಕಡೆ ಬರಾಕತ್ತೇನಿ, ಒಮ್ಮಿ ನೋಡಿ ಹೋಗ್ತೀನಿ — ಏನಿಲ್ಲವಂತೆ, ಊರಿಗೆಲ್ಲ ಬುದ್ಧಿ ಹೇಳುವ ದೊಡ್ಡ ಮನುಷ್ಯ, ಬ್ಯಾಟರಿ ವೈರು ಕಿತ್ತಿಡ್ರಿ ಅನ್ನಲು ಎಷ್ಟು ಹೊತ್ತು ಬೇಕಿತ್ತು, ಆದರೆ ಯಾಕೆ ಎಂದು ಕೇಳುತ್ತಾಳೆ, ತಪ್ಪು ಒಪ್ಪಬೇಕು, ನಾಚಿಕೆಯಾಯಿತು, ಅಷ್ಟೇ, ನಾಚಿಕೆ — ಒಂದು ಟ್ರಾನ್ಸಿಸ್ಟರು ಕೆಟ್ಟರೆ ಸಾಕು, ಫ್ಯೂಸಾದರೆ ಹಾರುತ್ತದೆ, ತಾಮ್ರ ಹಾರುವುದಿಲ್ಲ, ಕಾಯುತ್ತದೆ, ಕೆಂಪಗೆ, ಮೂರೆಳೆ — ಇಟ್ಟಂಗಿಹಾಳ ಹಿಂದಾಯಿತು, ಮುಂದೆ ಕಬ್ಬಿನ ಟ್ರ್ಯಾಕ್ಟರು, ಡ್ರೈವರ್ ಹಾರ್ನ್ ಒತ್ತುತ್ತಲೇ ಇದ್ದಾನೆ, ಅವಳ ಫೋನು ಹತ್ತುತ್ತಿಲ್ಲ, ಸಂಗನಬಸವ ಮತ್ತೆ ಒತ್ತಿದ, ಹತ್ತಿತು.

ಈ ಸಲ ಹೇಳಿಯೇಬಿಟ್ಟ, ಒಂದೇ ಉಸಿರಿಗೆ, ಅಕ್ಕಾರ ತಪ್ಪು ನಂದು, ಫ್ಯೂಸ್ ಹಾಕಿಲ್ಲ, ಬೆಂಕಿ ಹತ್ತಬಹುದು, ಮದ್ಲ ಬ್ಯಾಟರಿ ವೈರ್ ಕಿತ್ತಿಡ್ರಿ, ಆ ಕಡೆಯಿಂದ ಸಂತೆಯ ಗದ್ದಲ, ಅವಳ ದನಿ ಸಣ್ಣಗಾಯಿತು, ನಾ ಬಬಲೇಶ್ವರದಾಗ ಅದೀನ್ರಿ, ಹೊಲಿದ ಜಂಪರ್ ಕೊಡಾಕ ಬಂದೇನಿ, ಹೊರಗಿಂದ ಕೀಲಿ ಹಾಕೇನಿ, ಒಳಗ ಅಬ್ಬಾ ಒಬ್ಬರ ಅದಾರ, ಮುಂಜಾನೆ ಕೇಳಿದ್ನಲ್ಲರಿ ನಿಮಗ, ಯಾಕಂತ, ಆಗ್ಯಾಕ ಹೇಳಲಿಲ್ಲರಿ — ಮಂಚದ ಕೆಳಗೆ ಮೂರೆಳೆ ತಾಮ್ರ, ಕೆಂಪಗೆ, ಮೂರೆಳೆ, ಕೆಂಪಗೆ