ಈ ಬೆಳೆ ಆಗಲಿ

ಅಂಗಳದಲ್ಲಿ ಬಯ್ಯಪ್ಪನ ಹೆಣಕ್ಕೆ ನೀರು ಹಾಕುತ್ತಿದ್ದಾಗಲೇ ಪಕ್ಕದ ತೋಟದ ರಾಮಾಂಜಿನಪ್ಪ ಬಂದು ಮುನಿಶಾಮಮ್ಮನ ಎದುರು ಕುಕ್ಕರುಗಾಲಲ್ಲಿ ಕೂತ.

"ಅಕ್ಕ, ಇಂಥ ಹೊತ್ನಲ್ಲಿ ಹೇಳಬಾರ್ದು. ಹುಳ ಹಣ್ಣಾಗವೆ, ಗೂಡು ಕಟ್ಟೋಕೆ ನಿಂತವೆ. ಸಂಜೆವರ್ಗೂ ಕಾಯಲ್ಲ."

ರೇಷ್ಮೆ ಹುಳುವಿಗೆ ಯಾರ ಸಾವಾದರೇನು! ಸೂತಕದವರು ಹುಳುಮನೆಯ ಹೊಸಿಲು ದಾಟುವಂತಿಲ್ಲ. "ನೀನೇ ಆರಿಸಿ, ಗೂಡು ಕಟ್ಟೋ ಚಂದ್ರಿಕೆ ತಟ್ಟೆಗೆ ಬಿಡಪ್ಪ" ಎಂದಳು. ಗಂಡನ ಹೆಣದ ಮುಂದೆ ಗೂಡಿನ ಮಾತಾಡಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ನಾದಿನಿ ಚಿಕ್ಕವೆಂಕಟಮ್ಮ ಎದೆ ಬಡಿದುಕೊಳ್ಳುತ್ತಿದ್ದಳು. "ಏಳು ವರ್ಷದಿಂದ ಹೊಟ್ಟೆಯಿಂದ ರಕ್ತ ಬಿದ್ದಿರ್ಲಿಲ್ಲ ಕಣಮ್ಮ ನಮ್ಮಣ್ಣಂಗೆ. ಯಾವ ಪಾಪಿ ಕಣ್ಣು ಬಿತ್ತೋ!"

ಕಣ್ಣಲ್ಲ, ಬಾಯಿ. ಅದೂ ತನ್ನದೇ ಬಾಯಿ ಎಂದು ಮುನಿಶಾಮಮ್ಮನಿಗೆ ಗೊತ್ತಿತ್ತು.

* * *

ಬೆಂಗಳೂರಿನ ಡಾಕ್ಟರು ಬಿಡಿಸಿ ಹೇಳಿದ್ದರು. "ರಕ್ತ ನಿಂತ್ರೆ ಕರುಳಿನ ಹುಣ್ಣು ಹೋಯ್ತು ಅಂತಲ್ಲಮ್ಮ. ಕಾಯಿಲೆ ಹಳೇದಾದಷ್ಟೂ ಕ್ಯಾನ್ಸರ್ ಭಯ ಜಾಸ್ತಿ. ನೋವಿರ್ಲಿ ಇಲ್ದಿರ್ಲಿ, ವರ್ಷಕ್ಕೊಂದ್ಸಲ ಕ್ಯಾಮೆರಾ ಬಿಟ್ಟು ನೋಡ್ಲೇಬೇಕು."

ಎರಡು ವರ್ಷ ಹೋಗಿ ಬಂದರು. ಮೂರನೆಯ ವರ್ಷದ ತಾರೀಖು ಬಂದಾಗ ಹುಳುಗಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಕಳಚಿ ಹಗಲೂ ರಾತ್ರಿ ಸೊಪ್ಪು ಮೇಯುತ್ತಿದ್ದವು. ಆಸ್ಪತ್ರೆಯ ಮೈಲಿಗೆ ಹುಳುವಿಗೆ ಆಗದು. ಬಯ್ಯಪ್ಪ ಆಸ್ಪತ್ರೆಯ ಫೈಲು ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಈ ಬೆಳೆ ಆಗ್ಲಿ ಬಿಡಿ. ಗುಂಡುಕಲ್ಲಿದ್ದಂಗಿದೀರ, ನಿಮಗೇನು?" ಎಂದು ನಕ್ಕಿದ್ದಳು.

ಅವನೂ ನಕ್ಕು, ಫೈಲನ್ನು ಹುಳುಮನೆಯ ಮೊಳೆಗೆ ತಗುಲಿಹಾಕಿದ್ದ. ಒಂದು ಬೆಳೆ ಮುಗಿಯುವಷ್ಟರಲ್ಲಿ ಇನ್ನೊಂದು. ಹೀಗೇ ಐದು ವರ್ಷ. ಈ ಯುಗಾದಿಗೆ ಹೊಟ್ಟೆನೋವು ಬಂದಾಗ ಗಡ್ಡೆ ಆಗಲೇ ಲಿವರಿಗೆ ಹಬ್ಬಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

* * *

ಮಣ್ಣು ಮಾಡಿ ಬಂದವರು ತಲೆಗೆ ನೀರು ಹಾಕಿಕೊಳ್ಳುವಾಗ ಹೊತ್ತು ಇಳಿದಿತ್ತು. ಮುನಿಶಾಮಮ್ಮ ನಾದಿನಿಯ ಕೈ ಹಿಡಿದಳು.

"ಪರೀಕ್ಷೆಗೆ ಹೊರಟಿದ್ರು ಕಣೇ. ನಾನೇ ಬೇಡ ಅಂದೆ."

"ಸುಮ್ನಿರತ್ಗೆ. ನೀನು ನೋಡ್ಕೊಂಡಂಗೆ ಇನ್ಯಾರು ನೋಡ್ಕೊಂತಿದ್ರು?"

ಯಾರಾದರೂ ಒಬ್ಬರು ಬೈದಿದ್ದರೆ ಸಾಕಿತ್ತು. ಫೈಲಿನಲ್ಲಿ ಡಾಕ್ಟರು ಬರೆದ ತಾರೀಖನ್ನೇ ತೋರಿಸುತ್ತೇನೆಂದು ಎದ್ದು ಹುಳುಮನೆಯ ಹೊಸಿಲಿನ ತನಕ ಹೋದಳು. ಒಳಗೆ ರಾಮಾಂಜಿನಪ್ಪ ಕೊನೆಯ ಹುಳುಗಳನ್ನು ಆರಿಸುತ್ತಿದ್ದ.

"ಆ ಫೈಲು ಕೊಡಪ್ಪ."

ಅವನು ಮೊಳೆಗೆ ಕೈಚಾಚಿ ಹಿಂದೆಗೆದ.

"ಇದ್ರಲ್ಲೊಂದು ಹುಳ ಹತ್ಕೊಂಡು ಗೂಡು ಕಟ್ತಾ ಐತಲ್ಲಕ್ಕ. ಅಲ್ಲಾಡಿಸಿದ್ರೆ ಕೆಡ್ತದೆ. ಈ ಗೂಡಾಗ್ಲಿ ಬಿಡು."

ಮುನಿಶಾಮಮ್ಮ ಹೊಸಿಲಾಚೆಯೇ ನಿಂತಳು. ಫೈಲಿನಿಂದ ಇಣುಕುತ್ತಿದ್ದ ಚೀಟಿಯ ಮೇಲೆ ಹಣ್ಣಾದ ಹುಳು ತಲೆಯಾಡಿಸುತ್ತ, ಐದು ವರ್ಷದ ಹಿಂದಿನ ತಾರೀಖಿನ ಮೇಲೆ ನೂಲು ಸುತ್ತುತ್ತಿತ್ತು.