ಸೂಜಿ ಹಿಡಿಯುವ ಕಲ್ಲು

ಹೊಳೆಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ ಇಬ್ಬರು ಅಕ್ಕತಂಗಿಯರಿದ್ದರಂತೆ. ಇಬ್ಬರೂ ಕಲ್ಲು. ಕಬ್ಬಿಣವೆಂದರೆ ಇಬ್ಬರಿಗೂ ಜೀವ. ಕರಿಯಕ್ಕ ಅದನ್ನು ಬರಸೆಳೆದು ಬಿಗಿಯಾಗಿ ಹಿಡಿದುಬಿಡುತ್ತಿದ್ದಳು. ಅವಳ ಕೈಗೆ ಸಿಕ್ಕಿದ್ದು ಒಮ್ಮೆ ಚೀರಿ ಸುಮ್ಮನಾಗುತ್ತಿತ್ತು. ಬಿಳಿತಂಗಿ ಮೆಲ್ಲಗೆ ಕರೆಯುತ್ತಿದ್ದಳು. ಅವಳ ಬಳಿ ಬಂದದ್ದು ಹಾಡುತ್ತ ಕೂರುತ್ತಿತ್ತು.

ರವಿಕೆಯ ಅಳತೆಗೆ ಬಂದ ಹುಡುಗಿಯರು ಅಲುಗಾಡದೆ ನಿಲ್ಲಲಿ ಎಂದು ತುಂಗಮ್ಮ ಹೇಳುತ್ತಿದ್ದ ಕತೆ ಇದು. ಈಗ ಅವಳೇ ಅಲುಗಾಡದೆ, ಹೊಸನಗರದ ತನ್ನ ಮನೆಯ ಜಗಲಿಯಲ್ಲಿ, ಹಸಿರು ಸೀರೆ ಉಟ್ಟು ಮಲಗಿದ್ದಳು. ಒಳಗೆ ಹೊಲಿಗೆ ಮಿಷನ್ನಿನ ಪಕ್ಕ ಅವಳ ಗಂಡ ಚಂದ್ರಯ್ಯ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಸ್ಕ್ರೂ ಬಿಚ್ಚುತ್ತಿದ್ದ.

ಸಾಗರದಿಂದ ಬಂದಿದ್ದ ಅವಳ ಅಣ್ಣ ಮಾರಪ್ಪ ಬಾಗಿಲಲ್ಲಿ ನಿಂತ.

"ಎಂತದಿದು ಮಾರಾಯ? ಹೊರಗೆ ಚಟ್ಟ ಕಟ್ಟಿ ಆಯ್ತು. ನಿಂಗೆ ಈಗ ರಿಪೇರಿನಾ?"

"ಮಾತು ಕೊಟ್ಟಿದೀನಿ ಭಾವ."

"ನಾಳೆ ಮಾಡಿದ್ರೆ ಆಗಲ್ವಾ?"

"ನಾಳೆ ನಾಳೆ ಅಂದೇ ಇಲ್ಲೀವರೆಗೆ ಬಂತು."

ಪಕ್ಕದ ಮನೆಯ ಹುಲಿಯಮ್ಮ ಮೂಗು ಒರೆಸಿಕೊಂಡಳು. "ಬಿಡಿ ಮಾರಪ್ಪಣ್ಣ. ಮಾಡ್ದೆ ಕಳ್ಸಿದ್ರೆ ಅರ್ಧ ದಾರೀಲಿ ಎದ್ದು ಕೂತು ಬೈತಾಳೆ ನಿಮ್ ತಂಗಿ."

* * *

ಚಂದ್ರಯ್ಯನದು ಮದುವೆಮನೆಗಳಿಗೆ ಮೈಕ್ ಸೆಟ್ ಕಟ್ಟುವ ಕೆಲಸ. ವರ್ಷಗಳ ಹಿಂದೆ ರೇಡಿಯೋದಲ್ಲಿ, ತೊಡೆಯ ಮೇಲಿಟ್ಟು ಉಕ್ಕಿನ ಸರಳು ಜಾರಿಸಿ ಬಾರಿಸುವ ಹವಾಯಿ ಗಿಟಾರು ಕೇಳಿ ಮರುಳಾಗಿ, ಹಲಸಿನ ಹಲಗೆಯಲ್ಲಿ ತಾನೇ ಒಂದನ್ನು ಮಾಡಹೊರಟ. ತಂತಿಯ ನಡುಕವನ್ನು ಹಿಡಿದು ಮೈಕ್ ಸೆಟ್ಟಿಗೆ ಕಳಿಸಲು ತಂತಿಗಳ ಕೆಳಗೊಂದು ಆಯಸ್ಕಾಂತ ಬೇಕು, ಅದರ ಸುತ್ತ ತಾಮ್ರದ ಸುರುಳಿ ಬೇಕು. ಹಳೆಯ ರೇಡಿಯೋ ಸ್ಪೀಕರಿನಿಂದ ಬಿಳಿ ಲೋಹದ ಆಯಸ್ಕಾಂತ ಸಿಕ್ಕಿತು. ಕೂದಲಿಗಿಂತ ಸಣ್ಣ ತಾಮ್ರ ಮಾತ್ರ ಅವನ ಕೈಯಲ್ಲಿ ಪಟಪಟನೆ ಹರಿಯಿತು.

"ಏಳಿ ಅತ್ಲಾಗೆ," ಎಂದಳು ತುಂಗಮ್ಮ. "ನೂಲು ಸುತ್ತೋಳಿಗೆ ಇದೆಂತ ದೊಡ್ಡದು?"

ಮಿಷನ್ನಿನಲ್ಲಿ ನೂಲು ಸುತ್ತುವ ಕಡೆ ಸುರುಳಿಯ ಚೌಕಟ್ಟು ಸಿಕ್ಕಿಸಿ, ಉಸಿರು ಬಿಗಿಹಿಡಿದು ತಾಮ್ರ ಸುತ್ತಿದಳು. ಮೇಲೆ ರವಿಕೆಯ ಕೆಂಪು ನೂಲಿನಲ್ಲಿ ಕಟ್ಟಿದಳು. ಮೊದಲ ಸಲ ಬಾರಿಸಿದಾಗ ದನಿ ಬಾಗಿಲು ದಾಟಿ, ಹಿತ್ತಿಲು ದಾಟಿ, ಸಾವಕಾಶವಾಗಿ ಹೋಯಿತು. ಅಂದಿನಿಂದ ಬಟ್ಟೆ ತಂದವರೆಲ್ಲ ಕೇಳಲೇಬೇಕಾಯಿತು: "ಬಾರಿಸೋದು ಅವರು. ಅದ್ರ ಗಂಟಲು ನಾ ಸುತ್ತಿದ್ದು, ಗೊತ್ತಾಯ್ತಾ?"

ಆಮೇಲೆ ಬಂತು ಹೊಸ ಕರಿ ಆಯಸ್ಕಾಂತ. ಮಡಕೆ ಸುಟ್ಟ ಹಾಗೆ ಸುಟ್ಟು ಮಾಡಿದ್ದು, ಎಳೆತ ಜೋರು. ಎಳೆತ ಜೋರಾದರೆ ಹಾಡೂ ಜೋರು ಎಂದುಕೊಂಡ ಚಂದ್ರಯ್ಯ ಅದನ್ನು ತಂತಿಗೆ ತಾಗುವಷ್ಟು ಹತ್ತಿರ ಕೂರಿಸಿದ. ತೀರ್ಥಹಳ್ಳಿಯ ಮದುವೆಯಲ್ಲಿ ದನಿ ಚಪ್ಪರದ ಕೊನೆಗೂ ಮುಟ್ಟಿತು, ಜನ ಚಪ್ಪಾಳೆ ಹೊಡೆದರು. ಊಟಕ್ಕೆ ಕೂತಿದ್ದ ತುಂಗಮ್ಮ ಮಾತ್ರ ತುತ್ತನ್ನು ಕೈಯಲ್ಲೇ ಹಿಡಿದು ಕಿವಿಗೊಟ್ಟಳು.

"ಯಾಕೆ ಹಿಂಗೆ ಚೀರ್ತದೆ? ದನಿ ನಿಲ್ಲಲ್ಲ, ಬಿದ್ದೇ ಹೋಗ್ತದೆ. ಆ ಕರಿಯಕ್ಕ ತಂತೀನ ಅಲ್ಲಾಡಕ್ಕೇ ಬಿಡ್ತಿಲ್ಲ."

"ಈ ಮದುವೆ ಕಾಲ ಮುಗೀಲಿ, ಹಳೇದೇ ಹಾಕ್ತೀನಿ."

ಮದುವೆಗಳು ಮುಗಿಯಲಿಲ್ಲ. ಬಿಳಿ ಆಯಸ್ಕಾಂತ ಅವಳ ಹೊಲಿಗೆ ಡಬ್ಬಿ ಸೇರಿ, ನೆಲಕ್ಕೆ ಬಿದ್ದ ಸೂಜಿ ಹೆಕ್ಕುವ ಚಾಕರಿಗೆ ನಿಂತಿತು. ಹಾಸಿಗೆ ಹಿಡಿದ ಮೇಲೆ ಒಂದು ದಿನ ಅವಳೇ ಕರೆದು ಹೇಳಿದಳು: "ಚೀರೋ ಗಿಟಾರಲ್ಲಿ ನನ್ನ ಕಳಿಸ್ಬೇಡಿ. ಜನ ಅದು ನನ್ ಕೈಕೆಲ್ಸ ಅಂದ್ಕೋತಾರೆ."

* * *

ಡಬ್ಬಿ ತೆರೆದರೆ ಆಯಸ್ಕಾಂತ ಮುಳ್ಳುಹಂದಿಯಂತೆ ಸೂಜಿ ಹೊದ್ದು ಕೂತಿತ್ತು. ಚಂದ್ರಯ್ಯ ಕಿತ್ತು ಕಿತ್ತು ಕೊಟ್ಟ. ಹುಲಿಯಮ್ಮ ಕೈಯೊಡ್ಡಿದವಳು ತಟ್ಟನೆ ನಿಂತಳು.

"ಈ ದಬ್ಬಣ ನಂದು! ನಾ ನೋಡೇ ಇಲ್ಲ ಅಂದಿದ್ಲು, ಕಳ್ಳಿ!" ಎಂದು ನಕ್ಕವಳಿಗೆ ಅಳು ಒತ್ತರಿಸಿ ಬಂತು.

ಕರಿಯದನ್ನು ತೆಗೆದಾಗ ಕೆಂಪು ನೂಲು ಕಂಡಿತು. ಒಂದು ಎಳೆಯೂ ಸಡಿಲವಾಗಿರಲಿಲ್ಲ. ಅದಕ್ಕೆ ತಾಗದಂತೆ ಬಿಳಿಯದನ್ನು ಕೂರಿಸಿ, ತಂತಿ ಬಿಗಿದು, ಗಿಟಾರನ್ನು ಜಗಲಿಗೆ ತಂದ. ಮೈಕ್ ಸೆಟ್ಟಿಗೆ ಬ್ಯಾಟರಿ ಕೊಟ್ಟ. ಅಷ್ಟರಲ್ಲಿ ತುಂಗಮ್ಮನನ್ನು ಚಟ್ಟದ ಮೇಲೆ ಮಲಗಿಸಿದ್ದರು; ಹೆಗಲು ಕೊಡುವವರು ಬಗ್ಗಿದರು.

ಮೊದಲ ಮೀಟಿಗೆ ಸಣ್ಣ ದನಿ.

"ಶಕ್ತಿನೇ ಇಲ್ಲಲ್ಲ ಇದ್ರಲ್ಲಿ," ಎಂದ ಮಾರಪ್ಪ.

ಚಂದ್ರಯ್ಯ ಮೈಕ್ ಸೆಟ್ಟಿನ ಗುಂಡಿ ತಿರುಗಿಸಿದ. ಉಕ್ಕಿನ ಸರಳನ್ನು ತಂತಿಯ ಮೇಲಿಟ್ಟು, ಅವಳು ಮಿಷನ್ ತುಳಿಯುತ್ತ ಗುನುಗುತ್ತಿದ್ದ ಲಾಲಿಯನ್ನು ಮೀಟಿದ. ದನಿ ತುಂಬಿಕೊಂಡು ಎದ್ದಿತು. ಚೀರಲಿಲ್ಲ. ಲಾಲಿಯ ಕೊನೆಗೆ ಬಂದು ಅವನು ಕೈಯೆತ್ತಿದ. ತಂತಿ ತನ್ನಷ್ಟಕ್ಕೆ ಹಾಡುತ್ತಲೇ ಇತ್ತು.

ತೀರ್ಥಹಳ್ಳಿಯಿಂದ ಬಂದವನೊಬ್ಬ ಮೆಲ್ಲಗೆ ಕೇಳಿದ, "ಯಾವ ಕಂಪ್ನೀದು ಮಾರಾಯ್ರೆ ಇದು?"

ಮಾರಪ್ಪನ ಹೆಗಲ ಮೇಲೆ ಆಗಲೇ ಬಿದಿರಿತ್ತು. "ಕಂಪ್ನೀದಲ್ಲ," ಎಂದು ತಲೆಯೆತ್ತಿದ. "ನನ್ ತಂಗಿ ಸುತ್ತಿದ್ದು."

ಅವನು ಮುಂದಿಡಲೆಂದು ಒಂದು ಕಾಲೆತ್ತಿದ್ದ. ದನಿ ಇನ್ನೂ ಮುಗಿದಿರಲಿಲ್ಲ. ಎತ್ತಿದ ಕಾಲನ್ನು ಇದ್ದಲ್ಲೇ ಇಳಿಸಿ, ತಂಗಿಯನ್ನು ಹೆಗಲ ಮೇಲೆ ಹೊತ್ತು, ಅದು ಮುಗಿಯುವವರೆಗೂ ನಿಂತ.